ಟೈಮಿಂಗ್ ಬೆಲ್ಟ್ ಬದಲಿಸಿದ್ರಾ? ಕೀ ಮುಟ್ಟುವ ಮೊದಲು ಕೈಯಿಂದ ಎರಡು ಸುತ್ತು

[ಮನೆ ಅಂಗಳ. ಸ್ಟ್ಯಾಂಡ್ ಮೇಲೆ ಕಾರು. ಕೈಯಲ್ಲಿ ಹರಿದ ಬೆಲ್ಟ್.]

ನಮಸ್ಕಾರ ರೀ, ಹುಬ್ಬಳ್ಳಿಯಿಂದ. ಈ ಬೆಲ್ಟ್ ನೋಡಿ. ಅಣ್ಣಿಗೇರಿ ದಾಟಿ ಗದಗ ಕಡೆ ಹೋಗುವಾಗ ನನ್ನ ಹಳೇ ಕಾರಿನಲ್ಲಿ ಹರಿದದ್ದು ಇದೇ. ಸದ್ದಿಲ್ಲ, ಹೊಗೆಯಿಲ್ಲ, ಮುಂಚೆ ಒಂದು ಲೈಟ್ ಕೂಡ ಬರಲಿಲ್ಲ, ಸುಮ್ನೆ ಎಂಜಿನ್ ನಿಂತುಹೋಯಿತು. ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ಯಾವತ್ತೂ ಇಲ್ಲದಷ್ಟು ಹಗುರವಾಗಿ ಸುಯ್ ಅಂತ ತಿರುಗಿತು. ಆ ಸದ್ದು ಕೇಳಿದರೆ ಕೈ ಬಿಡಿ. ನಾನು ಬಿಡಲಿಲ್ಲ, ನಾಲ್ಕೈದು ಸಲ ತಿರುಗಿಸಿದೆ. ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್ ಬಾಗಿ, ಎಂಜಿನ್ ಮೇಲ್ಭಾಗ ಅಂದರೆ ಹೆಡ್ ಬಿಚ್ಚುವ ಕೆಲಸ ಬಂತು. ಗಾಡಿ ಓಡಿದ್ದು ಬರೀ 40,000 ಕಿಲೋಮೀಟರ್, ಆದರೆ ಬೆಲ್ಟ್‌ಗೆ 11 ವರ್ಷ. ಓಡಲಿ ಬಿಡಲಿ, ರಬ್ಬರ್‌ಗೆ ವಯಸ್ಸಾಗುತ್ತೆ ಅಲ್ವಾ.

[ಕವರ್ ತೆಗೆದ ಎಂಜಿನ್, ಹತ್ತಿರದಿಂದ.]

ಪಿಸ್ಟನ್‌ಗೆ ಕೂಡಿದ ಕೆಳಗಿನ ದಂಡ ಕ್ರ್ಯಾಂಕ್, ವಾಲ್ವ್ ತೆರೆಯುವ ಮೇಲಿನ ದಂಡ ಕ್ಯಾಮ್, ಎರಡನ್ನೂ ಒಂದೇ ತಾಳದಲ್ಲಿ ತಿರುಗಿಸುವುದು ಈ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದು ಸುತ್ತು. 2,400 ಆರ್‌ಪಿಎಂ ಅಂದರೆ ನಿಮಿಷಕ್ಕೆ 2,400 ಸುತ್ತು, ಕ್ರ್ಯಾಂಕ್ ಸೆಕೆಂಡಿಗೆ 40 ಸುತ್ತು, ಪ್ರತಿ ವಾಲ್ವ್ 20 ಸಲ ತೆರೆದು ಮುಚ್ಚುತ್ತದೆ. ಕೋಲಾಟ ಇದ್ದಂಗೆ. ಒಬ್ಬ ತಾಳ ತಪ್ಪಿದ, ಕೋಲು ಇನ್ನೊಬ್ಬನ ಬೆರಳಿಗೆ. ಬೆಲ್ಟ್ ಹರಿದರೆ ಎಲ್ಲ ಎಂಜಿನ್‌ನಲ್ಲೂ ಪಿಸ್ಟನ್ ವಾಲ್ವ್‌ಗೆ ಬಡಿಯುವುದಿಲ್ಲ, ನಿಮ್ಮದು ಯಾವುದು ಅಂತ ಕೇಳಿಕೊಳ್ಳಿ. ಬೆಲ್ಟೇ ಇದೆಯಾ ಅಂತಲೂ ನೋಡಿ. ಸ್ವಿಫ್ಟ್ 1.3 ಡೀಸೆಲ್‌ಗೆ ಚೈನ್, ಡಸ್ಟರ್ 1.5 ಡೀಸೆಲ್‌ಗೆ ಬೆಲ್ಟ್.

ಈಗ ಬದಲಿಸುವ ಕೆಲಸ. ಬ್ಯಾಟರಿ ನೆಗೆಟಿವ್ ವೈರ್ ತೆಗೆಯಿರಿ. ಅಂಗಳದಲ್ಲಿ ಎರೆ ಮಣ್ಣಿದ್ದರೆ ಜಾಕ್ ಕುಸಿಯುತ್ತೆ, ದಪ್ಪ ಹಲಗೆ ಹಾಕಿ, ಆಮೇಲೆ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಎಂಜಿನ್ ಹಿಡಿದಿರುವ ಮೌಂಟ್ ಬಿಚ್ಚಬೇಕಾದರೆ ಎಂಜಿನ್ ಕೆಳಗೂ ಆಸರೆ ಕೊಡಿ. ಚಕ್ರ, ಆಲ್ಟರ್ನೇಟರ್ ಬೆಲ್ಟ್, ಪುಲ್ಲಿ, ಕವರ್, ಇದೆಲ್ಲ ಬರೀ ಪಾನಾ ಕೆಲಸ. ಪುಲ್ಲಿ ಬೋಲ್ಟ್ ಮಾತ್ರ ಬೆವರು ಇಳಿಸುತ್ತೆ.

[ಬಿಳಿ ಗುರುತುಗಳು.]

ಇಲ್ಲಿ ಅವಸರ ಬೇಡ. ಸ್ಪಾರ್ಕ್ ಪ್ಲಗ್ ತೆಗೆದರೆ ಎಂಜಿನ್ ಕೈಗೆ ಹಗುರ. ಮೊದಲ ಪಿಸ್ಟನ್ ಪೂರ್ತಿ ಮೇಲೆ ಬರುವಂತೆ ತಿರುಗಿಸಿ, ಕ್ರ್ಯಾಂಕ್ ಮತ್ತು ಕ್ಯಾಮ್ ಎರಡರ ಗುರುತೂ ಎದುರಿನ ಗುರುತಿಗೆ ಕೂಡಬೇಕು, ಕೂಡಿದ ಮೇಲೆ ಬಿಳಿ ಪೇಂಟ್ ಹಚ್ಚಿ, ಫೋಟೋ ತೆಗೆಯಿರಿ, ಆಮೇಲೇ ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಸಡಿಲಿಸಿ. ಬೆಲ್ಟ್ ಹೊರಗಿರುವಾಗ ಯಾವುದನ್ನೂ ತಿರುಗಿಸಬೇಡಿ. ಟೆನ್ಷನರ್ ಹೊಸದೇ ಹಾಕಿ, ಅದರ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟ್ ಕೂಡ ಹೋಗುತ್ತೆ. ನಿಮ್ಮ ಗಾಡಿಯಲ್ಲಿ ವಾಟರ್ ಪಂಪ್ ಇದೇ ಬೆಲ್ಟ್ ಮೇಲೆ ತಿರುಗುತ್ತಿದ್ದರೆ ಅದನ್ನೂ ಈಗಲೇ ಬದಲಿಸಿ. ಆಯಿಲ್ ಸೀಲ್ ಸೋರುತ್ತಿದೆಯಾ ನೋಡಿ, ಆಯಿಲ್ ಕುಡಿದ ಬೆಲ್ಟ್ ಬಾಳಿಕೆ ಬರಲ್ಲ.

ಹೊಸ ಬೆಲ್ಟ್ ಮಡಚಬೇಡಿ. ಟೆನ್ಷನರ್ ಇಲ್ಲದ ಕಡೆ ಬಿಗಿಯಾಗಿ ಕೂರಿಸುತ್ತಾ ಬನ್ನಿ, ಸಡಿಲು ಎಲ್ಲ ಟೆನ್ಷನರ್ ಕಡೆ ಉಳಿಯಲಿ. ಟೆನ್ಷನ್ ಎಷ್ಟು ಅನ್ನೋದು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತೆ, ಅಂದಾಜು ಬೇಡ.

[ಪಾನಾ ಹಿಡಿದ ಕೈ, ನಿಧಾನ.]

ಈಗ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕ್ ಅನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ಒಂದು ಸುತ್ತಿಗೆ ಕ್ಯಾಮ್ ಅರ್ಧವೇ ಬಂದಿರುತ್ತೆ, ಅದಕ್ಕೇ ಎರಡು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಅದು ವಾಲ್ವೇ ಇರಬಹುದು. ಮತ್ತೆ ಗುರುತು ನೋಡಿ. ನನಗೆ ಈ ಸಲ ಒಂದು ಹಲ್ಲು ತಪ್ಪಿತ್ತು, ಪೂರ್ತಿ ಬಿಚ್ಚಿ ಮತ್ತೆ ಹಾಕಿದೆ, ಮಧ್ಯಾಹ್ನದ ರೊಟ್ಟಿ ಸಂಜೆಗೆ ಹೋಯಿತು. ಈಗ ಸರಿ ಇದೆ. ಎಲ್ಲ ಜೋಡಿಸಿದ್ದೇನೆ.

[ಕೀ. ಎಂಜಿನ್ ಸದ್ದು.]

ಕೇಳಿಸ್ತಾ? ಇವತ್ತಿನ ತಾರೀಖು, ಕಿಲೋಮೀಟರ್ ಎರಡೂ ಕವರ್ ಮೇಲೆ ಬರೆದುಬಿಡ್ತೀನಿ.