ರಂಗೋಲಿ ಪುಸ್ತಕದ ಮುಂದಿನ ಹಾಳೆ

ಚಿಕ್ಕಬಳ್ಳಾಪುರ ಸೀಮೆಯ ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಮನೆಯಲ್ಲಿ ಹಳೆಯದೊಂದು ರಂಗೋಲಿ ಪುಸ್ತಕ ಇದೆಯಾ? ಸಾಮಾನ್ಯವಾಗಿ ಅದು ಮಕ್ಕಳು ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕೇ ಆಗಿರುತ್ತದೆ. ಹಾಳೆಗೊಂದು ರಂಗೋಲಿ. ಮೂಲೆಯಲ್ಲಿ ‘15ರಿಂದ 8, ಮಧ್ಯ ಚುಕ್ಕಿ’ ಅಂತ ಲೆಕ್ಕ. ನಡುವಿನ ಸಾಲಿಗೆ 15 ಚುಕ್ಕಿ, ಮೇಲೂ ಕೆಳಗೂ ಒಂದೊಂದೇ ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸಬೇಕು. ಪಕ್ಕದಲ್ಲಿ ಯಾರಿಂದ ಕಲಿತದ್ದು ಅನ್ನುವ ಟಿಪ್ಪಣಿಯೂ ಇರಬಹುದು. ಒಂದೆರಡು ಎಣ್ಣೆ ಕಲೆಯಂತೂ ಇದ್ದೇ ಇರುತ್ತದೆ.

ಈಗ ಆರ್ಟ್ ಜರ್ನಲ್ ಅನ್ನುವ ಹವ್ಯಾಸದ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಚಿತ್ರ, ಬಣ್ಣ, ಅಂಟಿಸಿದ ಚೀಟಿ, ಎರಡು ಸಾಲು ಬರಹ, ಎಲ್ಲವೂ ಒಂದೇ ಹಾಳೆಗೆ ಬರುವ ದಿನಚರಿ ಅದು. ರಂಗೋಲಿ ಪುಸ್ತಕ ಇಟ್ಟುಕೊಂಡ ಮನೆಗೆ ಇದೇನು ದೊಡ್ಡ ಹೊಸತು? ತಾರೀಖು ಹಾಕಿ, ಆ ದಿನದ ಎರಡು ಮಾತು ಸೇರಿಸಿದರೆ ಆಯಿತು. ‘ನಂಗೆ ಚಿತ್ರ ಬರಲ್ಲ’ ಅನ್ನುವವರೇ ಬೆಳಗ್ಗೆ ಬಾಗಿಲ ಮುಂದೆ ಕೈ ತಡೆಯದೆ ಎಳೆ ಎಳೆಯುತ್ತಾರೆ, ಅಲ್ವಾ?

ಸಾಮಾನು ಜಾಸ್ತಿ ಬೇಡ. ಒಂದು ಡ್ರಾಯಿಂಗ್ ಪುಸ್ತಕ, ಒಂದು ಬಾಲ್ ಪೆನ್ನು, ಶಾಲೆ ಮಕ್ಕಳ ಬಣ್ಣದ ಡಬ್ಬಿ ಸಾಕು. ಮಾಮೂಲಿ ನೋಟ್‌ಬುಕ್ಕಿನ ತೆಳು ಹಾಳೆ ನೀರು ಬಿದ್ದರೆ ಸುಕ್ಕಾಗುತ್ತದೆ, ಬಣ್ಣ ಹಿಂದಿನ ಪುಟಕ್ಕೂ ಇಳಿಯುತ್ತದೆ. ಪುಸ್ತಕದ ರಟ್ಟಿನ ಮೇಲೆ ಜಿಎಸ್‌ಎಂ ಎಷ್ಟು ಅಂತ ನೋಡಿ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. 150 ಇದ್ದರೆ ತೆಳುವಾಗಿ ಬಣ್ಣ ಹಚ್ಚಲು ಅಡ್ಡಿಯಿಲ್ಲ. 300ರ ದುಬಾರಿ ಹಾಳೆ ತಂದರೆ ಕೆಡುತ್ತದೆ ಅನ್ನುವ ಭಯಕ್ಕೆ ಯಾರೂ ಅದನ್ನು ಮುಟ್ಟುವುದೇ ಇಲ್ಲ. ಬಾಲ್ ಪೆನ್ನೇ ಯಾಕೆ ಅಂದರೆ, ಅದರ ಶಾಯಿಯಲ್ಲಿ ಎಣ್ಣೆ ಇರುವುದರಿಂದ ಮೇಲೆ ನೀರು ಬಣ್ಣ ಹಚ್ಚಿದರೂ ಗೆರೆ ಅಷ್ಟಾಗಿ ಕದಡುವುದಿಲ್ಲ. ಇಂಕ್ ಪೆನ್ನಿನ ಗೆರೆ ಹರಡಿಬಿಡುತ್ತದೆ.

ಹರಡಿದರೂ ಹಾಳೆ ಹರಿಯಬೇಡಿ. ಮೆಕ್ಸಿಕೋದ ಕಲಾವಿದೆ ಫ್ರಿಡಾ ಕಾಲೋ 1954ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಹತ್ತು ವರ್ಷ ಇಂಥದ್ದೇ ಒಂದು ದಿನಚರಿ ಇಟ್ಟಿದ್ದರು. ಅದರಲ್ಲಿ ಶಾಯಿಯ ಕಲೆಗಳನ್ನೇ ಮುಖ, ಪ್ರಾಣಿ ಮಾಡಿದ ಪುಟಗಳಿವೆ.

ಮೊದಲ ಹಾಳೆಗೆ ಏನು ಬರೆಯೋದು? ನಮ್ಮ ಕಡೆಯದೇ ಒಂದು ರೇಷ್ಮೆಗೂಡು ತೆಗೆದುಕೊಳ್ಳಿ. ಶಿಡ್ಲಘಟ್ಟ, ಚಿಂತಾಮಣಿ ಸುತ್ತಮುತ್ತ ಯಾರ ಮನೆಯಲ್ಲಾದರೂ ಸಿಗುತ್ತದೆ. ಗೂಡು ಅಂದ ತಕ್ಷಣ ಮೊಟ್ಟೆ ಆಕಾರ ಬರೆದುಬಿಡುತ್ತೇವೆ. ಹತ್ತಿರ ಹಿಡಿದು ನೋಡಿ. ಬೈವೋಲ್ಟೀನ್ ಅನ್ನುವ ರೇಷ್ಮೆ ತಳಿಯ ಬಿಳಿ ಗೂಡಿನ ನಡುವೆ ಎಷ್ಟೋ ಸಲ ಸಣ್ಣದೊಂದು ಸೊಂಟ ಇರುತ್ತದೆ. ಮಿಶ್ರತಳಿಯ ಹಳದಿ ಗೂಡಿನ ತುದಿ ಸ್ವಲ್ಪ ಚೂಪು. ಮೈಮೇಲೆ ಸಣ್ಣ ಸಣ್ಣ ಸುಕ್ಕು, ಅದರ ಹೊರಗೆ ಸಡಿಲ ಎಳೆ. ಬಿಳಿ ಮೇಣದ ಕ್ರೇಯಾನ್‌ನಿಂದ ಆ ಎಳೆಗಳನ್ನು ಮೊದಲು ಗೀಚಿ, ಮೇಲೆ ತೆಳ್ಳನೆ ಹಳದಿ ಹಚ್ಚಿ. ಮೇಣ ಇರುವಲ್ಲಿ ನೀರು ನಿಲ್ಲುವುದಿಲ್ಲ, ಎಳೆಗಳು ಬಿಳಿಯಾಗಿಯೇ ಉಳಿಯುತ್ತವೆ. ಪಕ್ಕದಲ್ಲಿ ಅವತ್ತಿನ ಗೂಡಿನ ರೇಟು ಬರೆಯಿರಿ. ಅದೂ ಆ ದಿನದ ಸಮಾಚಾರವೇ.

ಬಸ್ ಟಿಕೆಟ್ ಅಂಟಿಸುವ ಆಸೆ ಎಲ್ಲರಿಗೂ ಇರುತ್ತದೆ. ಮೆಷಿನ್‌ನಿಂದ ಬರುವ ಟಿಕೆಟ್ ಬಿಸಿಗೆ ಅಚ್ಚಾಗುವ ಕಾಗದ, ಅಕ್ಷರ ಕಾಲಕ್ರಮೇಣ ಮಾಸಿಹೋಗುತ್ತದೆ. ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಕೆಳಗೆ ಪೆನ್ನಿನಲ್ಲಿ ಬರೆದುಬಿಡಿ.

ದಿನಾ ಕೂರಲೇಬೇಕು ಅಂತ ಹಟ ಹಿಡಿದರೆ ವಾರಕ್ಕೇ ಬೇಜಾರಾಗುತ್ತದೆ. ಸಂಜೆ ಕಾಫಿ ಆದ ಮೇಲೆ ಹತ್ತು ನಿಮಿಷ ಸಾಕು. ಬಿಟ್ಟುಹೋದ ದಿನಗಳ ಬಾಕಿ ತೀರಿಸಲು ಹೋಗಬೇಡಿ, ಇವತ್ತಿನ ತಾರೀಖು ಹಾಕಿ ಮುಂದಿನ ಹಾಳೆಗೆ ಹೋಗಿ. ಮುಗಿದ ಕೂಡಲೇ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವ ಚಾಳಿಯೂ ಶುರುವಿನಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಲೈಕ್ ಎಣಿಸುತ್ತಾ ಕೂತರೆ ಗೂಡು ನೋಡುವವರು ಯಾರು?

ಕೈ ಸ್ವಲ್ಪ ಪಳಗಿದ ಮೇಲೆ ಒಂದು ಭಾನುವಾರ ಬೆಟ್ಟದ ಬುಡದ ನಂದಿ ಗ್ರಾಮಕ್ಕೆ ಹೋಗಿ. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಪೂರ್ತಿ ಬರೆಯಲು ಹೊರಟರೆ ತಲೆ ಕೆಡುತ್ತದೆ. ನಾಲ್ಕೇ ಮೆಟ್ಟಿಲು ಆರಿಸಿಕೊಳ್ಳಿ. ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಪ್ರತಿ ಮೆಟ್ಟಿಲ ಒಂದು ಮೈ ಬೆಳಗಿರುತ್ತದೆ, ಇನ್ನೊಂದು ಕಪ್ಪಗಿರುತ್ತದೆ. ಕಪ್ಪಗಿರುವುದನ್ನಷ್ಟೇ ಪೆನ್ನಿನಲ್ಲಿ ತುಂಬಿ, ಯಾವ ಬಣ್ಣ ಎಲ್ಲಿ ಅಂತ ಸುಮ್ನೆ ಹೆಸರು ಬರೆದುಕೊಳ್ಳಿ. ಬಣ್ಣ ಮನೆಗೆ ಬಂದು ಹಚ್ಚಿದರಾಯಿತು. ನಮಸ್ಕಾರ.