ಕಳಿಸಿದ್ದು ಮುಟ್ಟಿತೇ?

ಕೇಳುಗರಿಗೆ ನಮಸ್ಕಾರ.

ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದು ನೋಡುತ್ತೇನೆ, ಕ್ಲೌಡ್‌ನಲ್ಲಿರುವ ನನ್ನ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಫೈಲು 17 ಸಲ ಕೂತಿದೆ. ನನ್ನ ಟಿಪ್ಪಣಿಗಳ ಫೈಲು ಅದು. ದಿನಾ ರಾತ್ರಿ ಅದರ ಒಂದು ಪ್ರತಿಯನ್ನು ಮೇಲಕ್ಕೇರಿಸಲಿ ಅಂತ ಪುಟ್ಟದೊಂದು ಪ್ರೋಗ್ರಾಂ ಬರೆದಿಟ್ಟಿದ್ದೆ. ಒಂದು ಸಲ ಏರಿಸು ಅಂದರೆ 17 ಸಲ ಏರಿಸಿ ಸುಮ್ಮನಾಗಿತ್ತು. ತಪ್ಪು ನನ್ನದೇ. ಆದರೆ ಅದು ಎಂಥ ತಪ್ಪು ಅಂತ ತಿಳಿಯುವುದಕ್ಕೆ, ಈ ಸೇವೆಗಳ ಜೊತೆ ಪ್ರೋಗ್ರಾಂಗಳು ಹೇಗೆ ಮಾತಾಡುತ್ತವೆ ಅನ್ನುವುದನ್ನು ಸ್ವಲ್ಪ ನೋಡಬೇಕು.

ನೀವು ನಾವೆಲ್ಲ ಫೈಲನ್ನು ಎಳೆದು ತಂದು ಹಾಕುತ್ತೇವೆ, ಗುಂಡಿ ಒತ್ತುತ್ತೇವೆ. ಪ್ರೋಗ್ರಾಂಗೆ ಕಣ್ಣೂ ಇಲ್ಲ, ಬೆರಳೂ ಇಲ್ಲ. ಅದಕ್ಕಿರುವುದು ಮಾತು ಮಾತ್ರ. ಇಂಥ ಮಾತಿಗೆ ಇಂಥ ಉತ್ತರ ಅಂತ ಸೇವೆ ಮೊದಲೇ ಗೊತ್ತುಮಾಡಿಟ್ಟಿರುವ ಕಟ್ಟುಪಾಡೇ ಎಪಿಐ. ಮುಖ್ಯವಾದ ಮಾತುಗಳು ನಾಲ್ಕೇ: ಇಡು, ಕೊಡು, ಅಳಿಸು, ಏನೇನಿದೆ ಹೇಳು. ಅಷ್ಟೇ ಆಗಿದ್ದರೆ ಕೈಪಿಡಿ ಒಂದು ಪುಟದಲ್ಲಿ ಮುಗಿಯುತ್ತಿತ್ತು. ಮಿಕ್ಕ ನೂರಾರು ಪುಟಗಳಲ್ಲಿ ಬಹುಪಾಲು, ಮಾತು ಅರ್ಧಕ್ಕೆ ನಿಂತರೆ ಏನು ಮಾಡಬೇಕು ಅನ್ನುವುದರ ಬಗ್ಗೆಯೇ ಇದೆ.

ಫೈಲುಗಳನ್ನು ಇಟ್ಟುಕೊಳ್ಳುವ ತನ್ನ ಎಸ್-3 ಸೇವೆಯನ್ನು ಅಮೆಜಾನ್ ತೆರೆದದ್ದು 2006ರ ಮಾರ್ಚ್ 14ರಂದು. ಶುರುವಿನಿಂದಲೂ ಆ ಸೇವೆಗೆ ಎಪಿಐಯೇ ಬಾಗಿಲು. ಪ್ರೋಗ್ರಾಂ ಬರೆಯುವ ಡೆವಲಪರ್‌ಗಳಿಗೆಂದೇ ಮಾಡಿದ್ದು ಅದು. 2008ರಲ್ಲಿ ಜನಸಾಮಾನ್ಯರ ಕೈಗೆ ಬಂದ ಡ್ರಾಪ್‌ಬಾಕ್ಸ್ ಬಹಳ ವರ್ಷ ತನ್ನ ಬಳಕೆದಾರರ ಫೈಲುಗಳನ್ನು ಇದೇ ಎಸ್-3ರಲ್ಲಿ ಇಟ್ಟಿತ್ತು, ಆಮೇಲೆ ಬಾಡಿಗೆ ಸಾಕು ಅಂತ ಸ್ವಂತ ಮನೆ ಕಟ್ಟಿಕೊಂಡು ಬಹುಪಾಲನ್ನು ಅಲ್ಲಿಗೆ ಸಾಗಿಸಿತು. ಗೂಗಲ್ ಡ್ರೈವ್ ಬಂದದ್ದು 2012ರ ಏಪ್ರಿಲ್‌ನಲ್ಲಿ.

ಮೇಲ್ನೋಟಕ್ಕೆ ಎಲ್ಲವೂ ಒಂದೇ ಥರ. ಒಳಗೆ ಇಳಿದರೆ, ಫೈಲಿನ ಹೆಸರು ಅಂದರೆ ಏನು ಅನ್ನುವುದರಲ್ಲೇ ಒಬ್ಬೊಬ್ಬರದು ಒಂದೊಂದು ದಾರಿ. ಎಸ್-3ರಲ್ಲಿ ಫೈಲು ತುಂಬಿಡುವ ಡಬ್ಬಿಗೆ ಬಕೆಟ್ ಅಂತ ಹೆಸರು. ಮಾಮೂಲು ಬಕೆಟ್‌ನಲ್ಲಿ ಫೋಲ್ಡರ್ ಅನ್ನುವುದೇ ಇಲ್ಲ. ಇರುವುದು ಉದ್ದನೆಯ ಹೆಸರು, ನಡುನಡುವೆ ಓರೆಗೆರೆ. ಆ ಗೆರೆಗಳನ್ನು ನೋಡಿ ತೆರೆಯ ಮೇಲೆ ಫೋಲ್ಡರ್‌ನ ಚಿತ್ರ ಬಿಡಿಸುತ್ತಾರೆ, ಅಷ್ಟೇ. ಹತ್ತು ಸಾವಿರ ಫೈಲಿರುವ ‘ಫೋಲ್ಡರ್‌’ಗೆ ಹೊಸ ಹೆಸರು ಇಡಬೇಕೆಂದರೆ ಹತ್ತು ಸಾವಿರ ಸಲ ನಕಲು, ಹತ್ತು ಸಾವಿರ ಅಳಿಸುವಿಕೆ. ಡ್ರಾಪ್‌ಬಾಕ್ಸ್‌ನಲ್ಲಿ ಒಂದು ಜಾಗಕ್ಕೆ ಒಂದೇ ಹೆಸರು. ಅದೇ ಹೆಸರಿನಲ್ಲಿ ಇನ್ನೊಂದನ್ನು ಸೇರಿಸಹೋದರೆ ಜಗಳ ಅಂತ ಉತ್ತರ ಬರುತ್ತದೆ. ಗೂಗಲ್ ಡ್ರೈವ್‌ನಲ್ಲಿ ಫೈಲನ್ನು ಗುರುತಿಸುವುದು ಐಡಿಯಿಂದ, ಅಂದರೆ ಪ್ರತಿ ಫೈಲಿಗೂ ಬೇರೆಬೇರೆಯಾಗಿರುವ ಒಂದು ಗುರುತಿನಿಂದ, ಹೆಸರು ಬರೀ ಚೀಟಿ. ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎಷ್ಟು ಫೈಲಿದ್ದರೂ ಅದಕ್ಕೆ ತಕರಾರಿಲ್ಲ. ನನ್ನನ್ನು ಕೇಳಿದರೆ ಇದರಲ್ಲಿ ಯಾವುದೂ ತಪ್ಪಲ್ಲ. ಒಂದರ ಅಭ್ಯಾಸ ಇನ್ನೊಂದಕ್ಕೂ ನಡೆಯುತ್ತದೆ ಅಂದುಕೊಳ್ಳುವುದು ತಪ್ಪು.

ಒಳಗೆ ಹೋಗುವ ಅನುಮತಿಯ ವಿಷಯ ಈಗ ಬಹುತೇಕ ಇತ್ಯರ್ಥವಾಗಿದೆ. 2012ರಲ್ಲಿ ಓಆತ್ 2.0 ಅಂತ ಒಂದು ಒಪ್ಪಿತ ಪದ್ಧತಿ ಬಂತು. ನಿಮ್ಮ ಪಾಸ್‌ವರ್ಡ್ ಯಾವ ಆ್ಯಪ್‌ಗೂ ಕೊಡುವುದು ಬೇಡ. ಪಾಸ್‌ವರ್ಡ್ ಬದಲು ತೋರಿಸಲಿ ಅಂತ ಸೇವೆಯವರು ಆ್ಯಪ್‌ಗೆ ಒಂದು ಟೋಕನ್ ಕೊಡುತ್ತಾರೆ, ಅದರಲ್ಲಿ ಇಷ್ಟು ಓದಬಹುದು, ಇಷ್ಟು ಬರೆಯಬಹುದು ಅಂತ ಮಿತಿ ಇರುತ್ತದೆ. ಫೋಟೋ ತಿದ್ದುವ ಆ್ಯಪ್ ನಿಮ್ಮ ಇಡೀ ಡ್ರೈವ್ ಓದಲು ಒಪ್ಪಿಗೆ ಕೇಳಿದರೆ, ಕೇಳಿದ್ದು ಯಾಕೆ ಅಂತ ಒಂದು ಕ್ಷಣ ಯೋಚಿಸಿ.

ಇನ್ನು ದೊಡ್ಡ ಫೈಲು. ಎರಡು ಜಿಬಿ ವಿಡಿಯೋ ಮುಕ್ಕಾಲು ಪಾಲು ಹೋಗಿದೆ, ನೆಟ್ ಹೋಯಿತು. ಮತ್ತೆ ಮೊದಲಿನಿಂದಲೇ? ಬೇಡ. ಗೂಗಲ್ ಡ್ರೈವ್‌ನ ಎಪಿಐ ಜೊತೆ ಆಗ ನಡೆಯುವ ಮಾತುಕತೆಯನ್ನು ಹಾಗೇ ಹೇಳುತ್ತೇನೆ, ಕೇಳಿ. ಪ್ರೋಗ್ರಾಂ ಏನನ್ನೂ ಕಳಿಸದೆ ಬರಿಗೈಯಲ್ಲಿ ಹೋಗಿ ಕೇಳುತ್ತದೆ: ‘ಎಷ್ಟು ಮುಟ್ಟಿದೆ?’ ಸರ್ವರ್, ಅಂದರೆ ಆ ಕಡೆ ಉತ್ತರಿಸುವ ಕಂಪ್ಯೂಟರ್, ಇನ್ನೂ ಮುಗಿದಿಲ್ಲ ಅನ್ನುವುದಕ್ಕೆ 308 ಅನ್ನುವ ಸಂಖ್ಯೆ ಕೊಟ್ಟು ಹೇಳುತ್ತದೆ: ‘ಸೊನ್ನೆಯಿಂದ 1,61,06,12,735ರವರೆಗೆ.’ ಎಣಿಕೆ ಸೊನ್ನೆಯಿಂದ ಶುರುವಾದದ್ದರಿಂದ ಮುಟ್ಟಿರುವುದು 1,61,06,12,736 ಬೈಟ್, ಸರಿಯಾಗಿ ಒಂದೂವರೆ ಜಿಬಿ. ಮುಂದಿನ ತುಂಡು 1,61,06,12,736ನೇ ಸ್ಥಾನದಿಂದ ಹೊರಡಬೇಕು. ಈ ಒಂದರ ಲೆಕ್ಕದಲ್ಲಿ ಎಡವದ ಡೆವಲಪರ್‌ನನ್ನು ನಾನಂತೂ ನೋಡಿಲ್ಲ. ತುಂಡಿನ ಅಳತೆಗೂ ನಿಯಮವಿದೆ, ಕೊನೆಯದನ್ನು ಬಿಟ್ಟು ಮಿಕ್ಕವೆಲ್ಲ 256 ಕೆಬಿಯ ಮಡಿಗಳಲ್ಲೇ ಇರಬೇಕು.

ಎಸ್-3ರಲ್ಲಿ ಬೇರೆ ಬಗೆ. ಹತ್ತು ಸಾವಿರದವರೆಗೆ ತುಂಡು ಮಾಡಿ ಯಾವ ಕ್ರಮದಲ್ಲಾದರೂ ಕಳಿಸಿ, ಕೊನೆಗೆ ‘ಮುಗಿಯಿತು, ಜೋಡಿಸು’ ಅನ್ನಬೇಕು. ಆ ಕೊನೆಯ ಮಾತು ಹೇಳುವುದನ್ನು ಮರೆತರೆ? ತುಂಡುಗಳು ಅಲ್ಲೇ ಉಳಿಯುತ್ತವೆ. ಮಾಮೂಲು ಪಟ್ಟಿಯಲ್ಲಿ ಕಾಣುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಕಾಣುತ್ತವೆ. ಇಷ್ಟು ದಿನ ದಾಟಿದ ಅರೆಬರೆ ತುಂಡುಗಳನ್ನು ಗುಡಿಸಿಹಾಕು ಅಂತ ಬಕೆಟ್‌ಗೆ ಮೊದಲ ದಿನವೇ ನಿಯಮ ಬರೆದಿಡುವುದು ಜಾಣತನ.

ಇಬ್ಬರು ಒಂದೇ ಫೈಲನ್ನು ತಿದ್ದಲು ಹೊರಟಾಗ ಇನ್ನೊಂದು ಫಜೀತಿ. ಕೊನೆಗೆ ಬಂದವನು ಗೆದ್ದ, ಮೊದಲಿನವನ ಕೆಲಸ ಸದ್ದಿಲ್ಲದೆ ಅಳಿಸಿಹೋಯಿತು. ಇದಕ್ಕೆ ವೆಬ್‌ನಲ್ಲೇ ಹಳೆಯ ಮದ್ದಿದೆ. ಫೈಲು ಕೊಡುವಾಗಲೇ ಸರ್ವರ್ ಅದರ ಆ ಹೊತ್ತಿನ ರೂಪಕ್ಕೆ ಒಂದು ಗುರುತು ಕೊಡುತ್ತದೆ, ಇ-ಟ್ಯಾಗ್ ಅಂತ. ತಿದ್ದಿದ್ದನ್ನು ವಾಪಸ್ ಕಳಿಸುವಾಗ ‘ನಿನ್ನ ಹತ್ತಿರ ಇನ್ನೂ ಇದೇ ಗುರುತು ಇದ್ದರೆ ಮಾತ್ರ ಬರೆದುಕೋ’ ಅನ್ನಬಹುದು. ಗುರುತು ಬದಲಾಗಿದ್ದರೆ 412 ಅಂತ ಉತ್ತರ ಬರುತ್ತದೆ, ಬರವಣಿಗೆ ನಿಲ್ಲುತ್ತದೆ. ಆಮೇಲೆ ಎರಡನ್ನೂ ಕೂಡಿಸುವುದು ಮನುಷ್ಯರ ಪಾಡು.

ಈಗ ಗೂಗಲ್ ಡ್ರೈವ್‌ನಲ್ಲಿ ಕೂತಿದ್ದ ನನ್ನ 17 ಫೈಲಿಗೆ ಬರುತ್ತೇನೆ. ಆ ರಾತ್ರಿ ನೆಟ್ ಬಂದುಹೋಗಿ ಮಾಡುತ್ತಿತ್ತು. ಫೈಲು ಪೂರ್ತಿ ಮುಟ್ಟಿತ್ತು. ‘ಮುಟ್ಟಿದೆ’ ಅನ್ನುವ ಉತ್ತರ ವಾಪಸ್ ಬರುವ ದಾರಿಯಲ್ಲಿ ಕಳೆದುಹೋಗಿತ್ತು. ಉತ್ತರ ಬರಲಿಲ್ಲವಾದ್ದರಿಂದ ಹೋಗಿಯೇ ಇಲ್ಲ ಅಂತ ನನ್ನ ಪ್ರೋಗ್ರಾಂ ತಿಳಿದುಕೊಂಡಿತು, ಹತ್ತು ನಿಮಿಷ ಕಾದು ಮತ್ತೆ ಕಳಿಸಿತು. ಅದೂ ಮುಟ್ಟಿತು, ಉತ್ತರ ಮತ್ತೆ ಕಳೆಯಿತು. ಕಳಿಸುವ ಮೊದಲೇ ಐಡಿಯನ್ನು ಕೇಳಿ ಪಡೆದು, ಪ್ರತಿ ಸಲವೂ ಅದೇ ಐಡಿಯ ಮೇಲೆ ಕಳಿಸಿದ್ದರೆ ಎರಡನೇ ಸಲ ‘ಇದು ಆಗಲೇ ಇದೆ’ ಅನ್ನುವ ಉತ್ತರ ಬರುತ್ತಿತ್ತು. ಆ ಸೌಲಭ್ಯ ಕೈಪಿಡಿಯಲ್ಲಿ ಇತ್ತು. ನಾನು ಮೊದಲ ಪುಟದ ಉದಾಹರಣೆ ನಕಲು ಮಾಡಿಕೊಂಡು ಎದ್ದಿದ್ದೆ.

ಮೊದಲನೆಯದನ್ನು ಇಟ್ಟುಕೊಂಡು 16 ಅಳಿಸಿಬಿಡೋಣ ಅಂತ ಕೈ ಹಾಕಿದೆ. ಯಾಕೋ ತಡೆದು, ಪ್ರತಿಯೊಂದರ ಹ್ಯಾಶ್ ಕೇಳಿದೆ. ಫೈಲಿನ ಒಳಗಿರುವುದನ್ನೆಲ್ಲ ಅರೆದು ತೆಗೆದ ಬೆರಳಚ್ಚಿನಂಥದ್ದು ಅದು. ಒಳಗೆ ಒಂದು ಅಕ್ಷರ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಮೊದಲ 14ರದು ಒಂದೇ ಹ್ಯಾಶ್. ಕೊನೆಯ ಮೂರರದು ಬೇರೆ. ಆಗ ನೆನಪಾಯಿತು, ಮಲಗುವ ಮುಂಚೆ ಆ ಫೈಲನ್ನು ತೆರೆದು ಎರಡು ಸಾಲು ಸೇರಿಸಿದ್ದೆ.

ನಮಸ್ಕಾರ.