ಜೇಬಿನಲ್ಲಿ ಕ್ಯಾಮೆರಾ ಇರಲಿ, ಆದರೆ ಫೋನಿನ ಜೊತೆ ಪೈಪೋಟಿಗಲ್ಲ

ನಮಸ್ಕಾರ. ಇವತ್ತು ಕಾಂಪ್ಯಾಕ್ಟ್ ಕ್ಯಾಮೆರಾ, ಅಂದರೆ ಲೆನ್ಸ್ ಬಿಚ್ಚಲು ಬಾರದ ಪುಟ್ಟ ಕ್ಯಾಮೆರಾ ಬಗ್ಗೆ ಮಾತಾಡೋಣ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಬೇಡ. "ಫೋನಿಗಿಂತ ಚೆನ್ನಾಗಿ ಬರುತ್ತಾ?" ಎಂದು ಕೇಳಿದರೆ, ಬಹಳಷ್ಟು ಸಲ ಇಲ್ಲ ಎಂಬುದೇ ನನ್ನ ಉತ್ತರ. ನಿಮ್ಮ ಹತ್ತಿರ ಒಳ್ಳೆಯ ಫೋನ್ ಇದೆ, ಫೋಟೋ ನೋಡುವುದೂ ಅದರ ಪರದೆಯ ಮೇಲೇ ಅಂದುಕೊಳ್ಳಿ. ಹಗಲಿನಲ್ಲಿ ತೆಗೆದ ಚಿತ್ರಗಳನ್ನು ಕಲಸಿ ಮುಂದಿಟ್ಟರೆ, ಯಾವುದು ಕ್ಯಾಮೆರಾದ್ದು, ಯಾವುದು ಫೋನಿನದ್ದು ಎಂದು ಹೇಳಲು ನನಗೂ ಕಷ್ಟ.

ಆದರೂ ಮನೆಯಿಂದ ಹೊರಡುವಾಗ ನಾನು ಜೇಬಿಗೆ ಕ್ಯಾಮೆರಾ ಹಾಕಿಕೊಳ್ಳುತ್ತೇನೆ. ಗುಣಮಟ್ಟಕ್ಕಾಗಿ ಅಲ್ಲ. ಫೋಟೋ ಹೇಗೆ ಕಾಣಬೇಕು ಎಂದು ತೀರ್ಮಾನಿಸುವವರು ಯಾರು, ನಾನೋ ಯಂತ್ರವೋ? ನನಗೆ ಮುಖ್ಯವಾದ ಪ್ರಶ್ನೆ ಅದೊಂದೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಜೆ ಹೊತ್ತು, ಕಿಟಕಿ ಪಕ್ಕ ಒಬ್ಬರು ಕೂತು ಏನೋ ಓದುತ್ತಿದ್ದಾರೆ. ಮುಖದ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದು ಮಗ್ಗುಲು ಕತ್ತಲು. ಹಿಂದಿನ ಗೋಡೆ ಕಂಡೂ ಕಾಣದ ಹಾಗಿದೆ. ನಿಮ್ಮನ್ನು ತಡೆದು ನಿಲ್ಲಿಸಿದ್ದೇ ಆ ಕತ್ತಲು. ಫೋನ್ ತೆಗೆದು ಒತ್ತಿ ನೋಡಿ. ಅದು ಕ್ಷಣದಲ್ಲಿ ಹಲವು ಫ್ರೇಮ್ ಹಿಡಿದು ಒಂದರ ಮೇಲೊಂದು ಜೋಡಿಸುತ್ತದೆ. ಮುಖ ಎಲ್ಲಿದೆ ಎಂದು ಗುರುತಿಸಿ ಅಲ್ಲಿ ಬೆಳಕು ಏರಿಸುತ್ತದೆ. ಕಿಟಕಿಯಾಚೆಯ ಆಕಾಶ ಬಿಳುಚಿಕೊಳ್ಳದಂತೆ ಅದನ್ನು ಇಳಿಸುತ್ತದೆ. ಹಿಂದಿನ ಗೋಡೆಯ ನೆರಳನ್ನೂ ಎತ್ತಿ, ಅಲ್ಲಿ ನೇತುಹಾಕಿದ ಕ್ಯಾಲೆಂಡರಿನ ಅಂಕಿ ಓದುವ ಹಾಗೆ ಮಾಡುತ್ತದೆ. ಎಲ್ಲವೂ ಕಾಣುತ್ತದೆ, ನೀವು ನೋಡಿದ್ದೊಂದನ್ನು ಬಿಟ್ಟು.

ಈಗ ಅದೇ ಜಾಗದಲ್ಲಿ ಕಾಂಪ್ಯಾಕ್ಟ್ ಹಿಡಿಯಿರಿ. ಎಕ್ಸ್‌ಪೋಷರ್ ಕಾಂಪನ್ಸೇಷನ್ ಎಂಬ ಒಂದು ಡಯಲ್ ಅಥವಾ ಬಟನ್ ಇರುತ್ತದೆ, ಪ್ಲಸ್ ಮೈನಸ್ ಗುರುತಿನದು. ಅದನ್ನು ಮೈನಸ್ ಒಂದಕ್ಕೆ ತಿರುಗಿಸಿ. ಅಂದರೆ ಚಿತ್ರದ ಬೆಳಕು ಅರ್ಧಕ್ಕೆ ಇಳಿಯಿತು. ಸಾಲದೇ ಹೋದರೆ ಇನ್ನೊಂದು ಮೆಟ್ಟಿಲು ಇಳಿಸಿ. ಪರದೆಯ ಮೇಲೆ ಗೋಡೆ ಮಾಯವಾಗುವುದು ಕಣ್ಣಿಗೇ ಕಾಣುತ್ತದೆ. ಕೆನ್ನೆಯ ಮೇಲಿನ ಬೆಳಕು, ಪುಟದ ಅಂಚು, ಬೆರಳು, ಇಷ್ಟೇ ಉಳಿಯುತ್ತವೆ. ಒತ್ತಿ, ಆಯಿತು. ಕತ್ತಲನ್ನು ಕತ್ತಲಾಗಿಯೇ ಬಿಡುವ ಅಧಿಕಾರ ನಿಮ್ಮ ಹೆಬ್ಬೆರಳಿಗೆ ಸಿಕ್ಕಿತು.

"ಫೋನಿನಲ್ಲೂ ಸ್ಲೈಡರ್ ಇದೆಯಲ್ಲ?" ಅನ್ನುತ್ತೀರಿ. ಇದೆ, ನಿಜ. ಆದರೆ ಪರದೆ ಮುಟ್ಟಬೇಕು, ಸೂರ್ಯನ ಚಿಹ್ನೆ ಬರುವವರೆಗೆ ಕಾಯಬೇಕು, ಎಳೆಯಬೇಕು. ಬಹಳಷ್ಟು ಫೋನ್‌ಗಳಲ್ಲಿ ಕೈ ಕೊಂಚ ಅಲುಗಿದರೆ ಅದು ಮತ್ತೆ ಮೊದಲಿನ ಜಾಗಕ್ಕೇ ಹೋಗುತ್ತದೆ. ಹಾಗೂ ಹೀಗೂ ಇಳಿಸಿದಿರಿ ಅಂತಿಟ್ಟುಕೊಳ್ಳಿ, ಆಮೇಲೆ ಒಳಗಿನ ಸಾಫ್ಟ್‌ವೇರ್ ತನ್ನ ಕೆಲಸ ಬಿಡುವುದಿಲ್ಲ. ಕ್ಯಾಮೆರಾಗಳೂ ಈ ವಿಷಯದಲ್ಲಿ ಪೂರ್ತಿ ಸಾಚಾ ಅಲ್ಲ ಬಿಡಿ. ಮೆನುವಿನೊಳಗೆ ನೆರಳು ಎತ್ತುವ ಆಯ್ಕೆ ಇವುಗಳಲ್ಲೂ ಇರುತ್ತದೆ, ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ. ಹುಡುಕಿ ಆಫ್ ಮಾಡಿ. ಮಾಡಿದರೆ ಅದು ಆಫ್ ಆಗಿಯೇ ಇರುತ್ತದೆ, ಅದೇ ವ್ಯತ್ಯಾಸ.

ಈ ಜಾತಿಯ ಕ್ಯಾಮೆರಾಗಳು ಒಂದು ಕಾಲಕ್ಕೆ ಎಲ್ಲರ ಮನೆಯಲ್ಲೂ ಇದ್ದವು. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾ ಇದರ ಲೆಕ್ಕ ಇಡುತ್ತದೆ. 2010ರಲ್ಲಿ ಲೆನ್ಸ್ ಬದಲಿಸಲಾಗದ ಡಿಜಿಟಲ್ ಕ್ಯಾಮೆರಾಗಳು 10 ಕೋಟಿಗೂ ಜಾಸ್ತಿ ಮಾರುಕಟ್ಟೆಗೆ ಹೋದವು. 2023ರ ಹೊತ್ತಿಗೆ ಆ ಲೆಕ್ಕ 20 ಲಕ್ಷ ಕೂಡ ಇರಲಿಲ್ಲ. ಫೋನ್ ಇವನ್ನು ನುಂಗಿ ನೀರು ಕುಡಿದಿತ್ತು. ಆಮೇಲೆ ಶುರುವಾಯಿತು ನೋಡಿ ತಮಾಷೆ. ಫ್ಯೂಜಿಫಿಲ್ಮ್ 2020ರಲ್ಲಿ ಬಿಟ್ಟ ಎಕ್ಸ್100ವಿ, ಟಿಕ್‌ಟಾಕ್‌ನಲ್ಲಿ ಹೆಸರು ಮಾಡಿ ಎಲ್ಲೂ ಸಿಗದಂತಾಯಿತು. 2024ರಲ್ಲಿ ಎಕ್ಸ್100 ಸಿಕ್ಸ್ ಬಂದಾಗಲೂ ಜನ ತಿಂಗಳುಗಟ್ಟಲೆ ಸರದಿಯಲ್ಲಿ ಕಾದರು. ಇತ್ತ ಇಪ್ಪತ್ತರ ಹುಡುಗ ಹುಡುಗಿಯರು, ದೊಡ್ಡವರು ಡ್ರಾಯರ್‌ಗೆ ಎಸೆದಿದ್ದ ಸುಮ್ಮನೆ ಗುರಿಯಿಟ್ಟು ಒತ್ತುವ ಹಳೆಯ ಪಾಯಿಂಟ್ ಅಂಡ್ ಶೂಟ್‌ಗಳನ್ನು ಹುಡುಕಿ ತೆಗೆದರು.

ಆ ಹಳೆಯ ಕ್ಯಾಮೆರಾಗಳ ಬಗ್ಗೆ ಒಂದು ಮಾತು. ಸೆನ್ಸರ್ ಅಂದರೆ ಬೆಳಕನ್ನು ಚಿತ್ರವಾಗಿಸುವ ಒಳಗಿನ ಚಿಪ್. ಸಿಸಿಡಿ ಅದರ ಹಳೆಯ ಬಗೆ, ಸಿಮಾಸ್ ಈಗಿನ ಬಗೆ. "ಸಿಸಿಡಿ ಸೆನ್ಸರ್‌ನ ಬಣ್ಣವೇ ಬೇರೆ" ಎಂದು ಎಲ್ಲರೂ ಹೇಳುತ್ತಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಬಣ್ಣ ಹುಟ್ಟುವುದು ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್‌ನಿಂದ ಮತ್ತು ಅದರಿಂದ ಬಂದ ಮಾಹಿತಿಯನ್ನು ಆ ಕಂಪನಿ ಹೇಗೆ ಸಂಸ್ಕರಿಸುತ್ತದೆ ಎಂಬುದರಿಂದ. ಸಿಸಿಡಿಯೋ ಸಿಮಾಸೋ ಎಂಬುದು ಅಲ್ಲಿ ದೊಡ್ಡ ಮಾತಲ್ಲ. ನಿಮಗೆ ಇಷ್ಟವಾದ ಆ ಹಳೆಯ ಪಾರ್ಟಿ ಫೋಟೋ ಕಳೆ ನಿಜವಾಗಿ ಎಲ್ಲಿಂದ ಬಂತು ಗೊತ್ತಾ? ಫ್ಲ್ಯಾಶಿನಿಂದ.

ಫ್ಲ್ಯಾಶ್ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ನನಗಂತೂ ಅದೇ ಇಷ್ಟ. ಫೋನಿನಲ್ಲಿರುವುದು ಎಲ್‌ಇಡಿ, ಅಂದರೆ ಸಣ್ಣ ಟಾರ್ಚು. ಅದರ ಬೆಳಕು ಕಡಿಮೆ, ಹಾಗಾಗಿ ಜಾಸ್ತಿ ಹೊತ್ತು ಉರಿಯಬೇಕು, ಅಷ್ಟರಲ್ಲಿ ಎದುರಿನವರು ಅಲುಗಿರುತ್ತಾರೆ. ಕ್ಯಾಮೆರಾದಲ್ಲಿರುವುದು ಕ್ಸೆನಾನ್ ಅನಿಲ ತುಂಬಿದ ಕೊಳವೆ. ಕೆಪಾಸಿಟರ್‌ನಲ್ಲಿ ತುಂಬಿಟ್ಟ ಶಕ್ತಿಯನ್ನೆಲ್ಲ ಒಂದೇ ಏಟಿಗೆ ಸುರಿಯುತ್ತದೆ. ಆ ಮಿಂಚು ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಕುಣಿಯುವವರ ಕೂದಲು ಗಾಳಿಯಲ್ಲೇ ನಿಲ್ಲುತ್ತದೆ. ಹಿಂದೆ ಕತ್ತಲು, ಮುಂದೆ ಹೊಳೆಯುವ ನಗು, ಗೋಡೆಯ ಮೇಲೆ ಗೆರೆ ಎಳೆದಂಥ ನೆರಳು. ಇದು ಸುಂದರವೋ ಅಲ್ಲವೋ ಎಂಬ ವಾದ ಬೇರೆ. ಫೋನಿನ ನೈಟ್ ಮೋಡ್ ಅದೇ ಕೋಣೆಯನ್ನು ಹಗಲು ಮಾಡಿಕೊಡುತ್ತದೆ, ಇದು ರಾತ್ರಿಯನ್ನು ಉಳಿಸುತ್ತದೆ. ವಿಚಿತ್ರ ಅಂದರೆ, ನಾನು ಈಗ ಹೊಗಳಲಿರುವ ರಿಕೋ ಕಂಪನಿಯ ಜಿಆರ್ ಥ್ರೀ ಕ್ಯಾಮೆರಾದಲ್ಲಿ ಫ್ಲ್ಯಾಶೇ ಇಲ್ಲ. ಹಿಂದಿನ ಮಾದರಿಯಲ್ಲಿತ್ತು, ಇದರಲ್ಲಿ ತೆಗೆದುಹಾಕಿದರು.

ಯಾಕೆ ಜಿಆರ್? 2019ರಲ್ಲಿ ಬಂದದ್ದು, ಬ್ಯಾಟರಿ, ಕಾರ್ಡ್ ಎಲ್ಲ ಸೇರಿ 257 ಗ್ರಾಂ. ಝೂಮ್ ಇಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಪರದೆ ಮಡಚುವುದಿಲ್ಲ. ಪಟ್ಟಿ ಓದಿದರೆ ಇಷ್ಟು ದುಡ್ಡಿಗೆ ಇದಾ ಅನ್ನಿಸುತ್ತದೆ. ಆದರೆ ಅದರಲ್ಲಿ ಸ್ನ್ಯಾಪ್ ಫೋಕಸ್ ಅಂತ ಒಂದಿದೆ. ಫೋಕಸ್ ದೂರವನ್ನು ಮೊದಲೇ ಕಟ್ಟಿಡುವುದು. ಎರಡೂವರೆ ಮೀಟರ್ ಎಂದು ಇಟ್ಟು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) 5.6 ಮಾಡಿದರೆ, ಸುಮಾರು ಒಂದೂವರೆ ಮೀಟರಿನಿಂದ ಹತ್ತು ಮೀಟರಿನವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟ. ಬಟನ್ ಅನ್ನು ಪೂರ್ತಿ ಒಂದೇ ಸಲ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕುತ್ತಾ ಕೂರುವುದಿಲ್ಲ, ಆ ಕ್ಷಣವೇ ಹಿಡಿಯುತ್ತದೆ. ಮಗು ಓಡಿಬರುತ್ತಿದೆ, ನಾಯಿ ಹಾರಿತು, ಇಬ್ಬರು ಒಟ್ಟಿಗೆ ನಕ್ಕರು. ಇವೆಲ್ಲ ನಿಮಗಾಗಿ ಕಾಯುವ ಸಂಗತಿಗಳಲ್ಲ. ಜಪಾನಿನ ದೈದೋ ಮೊರಿಯಾಮಾ ಬೀದಿ ಫೋಟೋಗ್ರಫಿಯಲ್ಲಿ ದೊಡ್ಡ ಹೆಸರು. ಅವರ ಕೈಯಲ್ಲಿ ಫಿಲ್ಮ್ ಕಾಲದಿಂದಲೂ ಜಿಆರ್ ಕಾಣಿಸುತ್ತಲೇ ಇದೆ. ಅವರಿಗೆ ಯಾವ ಕ್ಯಾಮೆರಾ ಬೇಕಿದ್ದರೂ ಸಿಗುತ್ತಿತ್ತು, ಅಲ್ವಾ?

ಸಣ್ಣ ಕ್ಯಾಮೆರಾ ಹಿಡಿದವರನ್ನು ಜನ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅದು ನಮಗೆ ಲಾಭವೇ. ದೊಡ್ಡ ಲೆನ್ಸ್ ಕಂಡರೆ ಎದುರಿನವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ, ಕೂದಲು ಸರಿಮಾಡಿಕೊಳ್ಳುತ್ತಾರೆ. ಫೋನ್ ಎತ್ತಿದರೆ ಇನ್ನೊಂದು ಅನುಮಾನ: ಈಗ ಇದನ್ನು ಎಲ್ಲಿ ಹಾಕುತ್ತಾರೋ? ಪುಟ್ಟ ಕ್ಯಾಮೆರಾ ನೋಡಿದರೆ ಸುಮ್ನೆ ಒಂದು ನಗು ನಕ್ಕು ತಮ್ಮ ಕೆಲಸಕ್ಕೆ ಮರಳುತ್ತಾರೆ. ಹಾಗೆಂದು ಕೇಳದೆ ಯಾರ ಮುಖಕ್ಕೂ ಹಿಡಿಯಬೇಡಿ. ಕ್ಯಾಮೆರಾ ಚಿಕ್ಕದಾದರೆ ಸಭ್ಯತೆಯೂ ಚಿಕ್ಕದಾಗಬೇಕಿಲ್ಲ.

ಸೆನ್ಸರ್ ವಿಷಯ ಬೇಗ ಮುಗಿಸುತ್ತೇನೆ. ಹಳೆಯ ಸಾಮಾನ್ಯ ಕಾಂಪ್ಯಾಕ್ಟ್‌ಗಳ ಸೆನ್ಸರ್ ಸುಮಾರು 6.2 ಬೈ 4.6 ಮಿಲಿಮೀಟರ್, ಕಿರುಬೆರಳ ಉಗುರಿಗಿಂತ ಚಿಕ್ಕದು. ಇವತ್ತಿನ ಒಳ್ಳೆಯ ಫೋನಿನಲ್ಲಿ ಅದಕ್ಕಿಂತ ದೊಡ್ಡದು ಇರುತ್ತದೆ. 2012ರಲ್ಲಿ ಸೋನಿ ಆರ್‌ಎಕ್ಸ್100 ಬಂದು 13.2 ಬೈ 8.8ರ ಸೆನ್ಸರ್ ಅನ್ನು ಜೇಬಿಗೆ ತಂದಿತು, ವಿಸ್ತೀರ್ಣ ನಾಲ್ಕು ಪಟ್ಟು. ಜಿಆರ್ ಮತ್ತು ಎಕ್ಸ್100 ಸಾಲಿನಲ್ಲಿರುವುದು ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್, ಅದು ಸೋನಿಯದರ ಸುಮಾರು ಮೂರು ಪಟ್ಟು. ಮಬ್ಬು ಬೆಳಕಿನಲ್ಲಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮೆಗಾಪಿಕ್ಸೆಲ್ ಬಗ್ಗೆ ನಾನು ಮಾತೇ ಆಡುವುದಿಲ್ಲ.

ನಾನು ನೋಡುವ ಅಳತೆ ಒಂದೇ: ಜೇಬು. ನೀವು ದಿನಾ ಹಾಕುವ ಬಟ್ಟೆಯ ಜೇಬಿನಲ್ಲಿ, ಅಥವಾ ದಿನಾ ಒಯ್ಯುವ ಕೈಚೀಲದ ಹೊರಗಿನ ಖಾನೆಯಲ್ಲಿ ಅದು ಕೂರಬೇಕು. ಎಕ್ಸ್100 ಸಿಕ್ಸ್ ಚೆಂದದ ಕ್ಯಾಮೆರಾ, ಒಪ್ಪುತ್ತೇನೆ. ಆದರೆ 521 ಗ್ರಾಂ. ಕೋಟಿನ ಜೇಬಿಗೆ ಸರಿ, ಪ್ಯಾಂಟಿನ ಜೇಬಿಗೆ ಇಳಿಯದು. ಅದನ್ನು ಕೊಂಡು ಕಪಾಟಿನಲ್ಲಿ ಪೂಜೆಗಿಟ್ಟವರನ್ನು ನೋಡಿದ್ದೇನೆ. ಕುತ್ತಿಗೆಯ ಪಟ್ಟಿಯೂ ಬೇಡ, ಮಣಿಕಟ್ಟಿನ ಪಟ್ಟಿ ಸಾಕು.

ಇನ್ನು ಗೋಳು. ಇವು ತೊಂದರೆಯಿಲ್ಲದ ಕ್ಯಾಮೆರಾಗಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬ್ಯಾಟರಿ ಸಣ್ಣದು. ಜಿಆರ್ ಥ್ರೀಯ ಲೆಕ್ಕ ಒಂದು ಚಾರ್ಜಿಗೆ ಸುಮಾರು 200 ಚಿತ್ರ, ಅಷ್ಟೇ. ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲೇಬೇಕು. ಕ್ಯಾಮೆರಾದಿಂದ ಫೋನಿಗೆ ಚಿತ್ರ ಕಳಿಸುವ ಆ್ಯಪ್‌ಗಳನ್ನು ಮಾಡಿದವರು ಅವನ್ನು ತಾವು ಬಳಸಿ ನೋಡಿದ್ದಾರೋ ಇಲ್ಲವೋ, ನನಗಂತೂ ಅನುಮಾನ. ವೈಫೈ ಸೇರುತ್ತದೆ, ಕಡಿಯುತ್ತದೆ, ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಫೋನಿಗೆ ಸಿಕ್ಕಿಸುವ ಪುಟ್ಟ ಕಾರ್ಡ್ ರೀಡರ್ ತೆಗೆದುಕೊಳ್ಳಿ, ನೆಮ್ಮದಿಯಾಗಿರಿ.

ಎಲ್ಲಕ್ಕಿಂತ ದೊಡ್ಡ ಗೋಳು ಧೂಳು. ಈ ಕ್ಯಾಮೆರಾಗಳಲ್ಲಿ ಬಹಳಷ್ಟರ ಲೆನ್ಸ್ ಆನ್ ಮಾಡಿದಾಗ ಹೊರಗೆ ಬರುತ್ತದೆ, ಆಫ್ ಮಾಡಿದಾಗ ಒಳಗೆ ಹೋಗುತ್ತದೆ. ಪ್ರತಿ ಸಲ ಹೊರಗೆ ಚಾಚಿದಾಗ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತದೆ, ಜೊತೆಗೆ ಜೇಬಿನ ನೂಲು, ಪುಡಿ, ಎಲ್ಲವೂ. ಒಂದು ಕಣ ಸೆನ್ಸರ್ ಮೇಲೆ ಕೂತರೆ ಪ್ರತಿ ಆಕಾಶದಲ್ಲೂ ಅದೇ ಜಾಗದಲ್ಲಿ ಒಂದು ಬೂದು ಚುಕ್ಕೆ. ಲೆನ್ಸ್ ಬಿಚ್ಚುವ ಕ್ಯಾಮೆರಾ ಆದರೆ ಊದಿ ತೆಗೆಯಬಹುದು. ಇದರಲ್ಲಿ ಕ್ಯಾಮೆರಾವನ್ನೇ ಬಿಚ್ಚಬೇಕು. ನನ್ನದಕ್ಕೆ ಹಾಗಾದಾಗ ಸರ್ವಿಸ್‌ನವರು ಹೇಳಿದ ಮೊತ್ತ ಕೇಳಿ, ಚುಕ್ಕೆಯ ಜೊತೆ ಬದುಕುವುದನ್ನೇ ಕಲಿತೆ. ಈಗ ಆಕಾಶ ಕಡಿಮೆ ತೆಗೆಯುತ್ತೇನೆ. ಜೇಬಿಗೆ ಹಾಕುವ ಮೊದಲು ಜೇಬನ್ನು ಒಳಮಗ್ಗುಲು ಹೊರಗೆಳೆದು ಕೊಡವುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಹಾಗಾದರೆ ಹೊಸದು ಕೊಳ್ಳಬೇಕಾ? ಈಗಿನ ಬೆಲೆಗೆ, ನನ್ನ ಕೇಳಿದರೆ, ಅವಸರ ಬೇಡ. ಮೊದಲು ಮನೆಯ ಡ್ರಾಯರ್ ನೋಡಿ. ನೆಂಟರ ಮನೆಯ ಡ್ರಾಯರ್ ಕೂಡ. ಎಕ್ಸ್‌ಪೋಷರ್ ಮೈನಸ್ ಮಾಡಲು ಬರುವ, ಫ್ಲ್ಯಾಶನ್ನು ನಿಮಗೆ ಬೇಕೆಂದಾಗ ಹಚ್ಚಲು ಬರುವ ಯಾವ ಹಳೆಯ ಕ್ಯಾಮೆರಾ ಸಿಕ್ಕರೂ ಶುರುಮಾಡಲು ಸಾಕು. ಒಂದೆರಡು ತಿಂಗಳು ಅದು ನಿಜವಾಗಿ ನಿಮ್ಮ ಜೊತೆ ಓಡಾಡಿದರೆ ಆಮೇಲೆ ದುಡ್ಡಿನ ಮಾತು.

ಹಳೆಯದನ್ನು ಬೇರೆಯವರಿಂದ ಕೊಳ್ಳುವುದಾದರೆ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ನಾಲ್ಕಾರು ಸಲ ಆನ್ ಆಫ್ ಮಾಡಿ, ಲೆನ್ಸ್ ತಡವರಿಸದೆ ಬಂದು ಹೋಗಬೇಕು, ಕರಕರ ಸದ್ದು ಬರಬಾರದು. ಪೂರ್ತಿ ಝೂಮ್ ಮಾಡಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ, ನಾನು ಹೇಳಿದ ಚುಕ್ಕೆ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಬ್ಯಾಟರಿ ಹೊರತೆಗೆದು ಮೇಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿ. ಗಿರ್ರನೆ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದು ಅರ್ಥ, ಅದನ್ನು ಬಳಸಬಾರದು. ಆ ಮಾದರಿಯ ಬ್ಯಾಟರಿ ಈಗಲೂ ಸಿಗುತ್ತದಾ ಎಂದು ಅಲ್ಲೇ ನಿಂತು ಹುಡುಕಿ ನೋಡಿ. ಕಾರ್ಡ್ ಯಾವುದು ಎಂದೂ ನೋಡಿ. ಎಸ್‌ಡಿಎಚ್‌ಸಿ ಎಂಬ ದೊಡ್ಡ ಸಾಮರ್ಥ್ಯದ ಎಸ್‌ಡಿ ಕಾರ್ಡ್ ಬಂದದ್ದು 2006ರಲ್ಲಿ. ಅದಕ್ಕಿಂತ ಮುಂಚಿನ ಕ್ಯಾಮೆರಾಗಳು ಸಾಮಾನ್ಯವಾಗಿ 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್ ಓದುವುದಿಲ್ಲ. ಹಳೆಯ ಒಲಿಂಪಸ್, ಫ್ಯೂಜಿಗಳಲ್ಲಿ ಎಕ್ಸ್‌ಡಿ ಕಾರ್ಡ್, ಹಳೆಯ ಸೋನಿಗಳಲ್ಲಿ ಮೆಮರಿ ಸ್ಟಿಕ್. ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿ ಕಾರ್ಡಿಗಾಗಿ ಅಲೆಯುವುದು ಯಾರಿಗೆ ಬೇಕು? ಮಾರುವವರನ್ನು ಕೇಳಿ, ಕಾರ್ಡ್ ಜೊತೆಗೇ ಕೊಡುತ್ತಾರಾ ಅಂತ. ಕೊಟ್ಟರೆ ತೆಗೆದುಕೊಳ್ಳಿ, ಆದರೆ ಅವರ ಹಳೆಯ ಫೋಟೋಗಳನ್ನು ಅವರ ಕೈಯಿಂದಲೇ ಅಳಿಸಿಸಿ.